ಸಿಂಪಿಯ ನೀರು, ಅನ್ನದ ಎಸರು

ಚಿಪ್ಪಿನಿಂದ ಬಿಡಿಸಿದ ಸಿಂಪಿಯನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು. ನಾನು ತೊಳೆದೆ. ದಕ್ಷಿಣ ಕೊರಿಯಾದ ಡೇಜಾನ್ ನಗರದ ಬಾಡಿಗೆ ಮನೆಯಲ್ಲಿ, ಜನವರಿಯ ಒಂದು ಸಂಜೆ, ಅಕ್ಕಿ ತೊಳೆಯುವ ಹಾಗೆಯೇ ಮೂರು ಸಲ ನೀರು ಬದಲಿಸಿ ಕೈಯಾಡಿಸಿ, ಅಕ್ಕಿಯ ಜೊತೆಗೇ ಒಲೆಗೇರಿಸಿದೆ. ಮುಚ್ಚಳ ತೆಗೆದರೆ ಅನ್ನದ ಮೇಲೆ ರಬ್ಬರಿನ ಚೂರುಗಳು. ರುಚಿಯ ಬಹುಪಾಲು ಸಿಂಕಿನಲ್ಲಿ ಹರಿದುಹೋಗಿತ್ತು.

ಮಾಡಹೊರಟದ್ದು ಗುಲ್‌ಬಾಪ್. ಗುಲ್ ಎಂದರೆ ಸಿಂಪಿ, ನಮ್ಮ ಕಾರವಾರದ ಕಡೆ ಕಲ್ವ ಎನ್ನುತ್ತಾರಲ್ಲ, ಅದು. ಬಾಪ್ ಎಂದರೆ ಅನ್ನ. ಊಟಕ್ಕೂ ಅದೇ ಮಾತು. 'ಬಾಪ್ ತಿಂದೆಯಾ?' ಎಂದು ಅಲ್ಲಿನವರು ಕೇಳುವುದು ನಾವು 'ಊಟ ಆಯ್ತಾ?' ಎಂದು ಕೇಳುವ ಧಾಟಿಯಲ್ಲೇ.

ಇದು ಚಳಿಗಾಲದ ಅಡುಗೆ, ಅದಕ್ಕೆ ಕಾರಣ ಸಿಂಪಿಯ ಬದುಕಿನಲ್ಲೇ ಇದೆ. ಕೊರಿಯಾದ ದಕ್ಷಿಣ ಕರಾವಳಿಯ ಟೊಂಗ್‌ಯೊಂಗ್ ಸುತ್ತಮುತ್ತ ತೇಲುಬುರುಡೆಗಳಿಂದ ಕಡಲಿಗೆ ಇಳಿಬಿಟ್ಟ ಹಗ್ಗಗಳಲ್ಲಿ ಸಿಂಪಿ ಗೊಂಚಲುಗೊಂಚಲಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ನೀರಿನ ಶಾಖ 20 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂತಾನದ ಚಿಂತೆ. ಕೂಡಿಟ್ಟದ್ದನ್ನೆಲ್ಲ ಮೊಟ್ಟೆಗೂ ವೀರ್ಯಕ್ಕೂ ಸುರಿದು, ತಾನು ಬಡಕಲಾಗಿ, ನೀರುನೀರಾಗಿ ಉಳಿಯುತ್ತದೆ. ಬಾರ್ಲಿ ತೆನೆ ಬಿಟ್ಟ ಮೇಲೆ ಸಿಂಪಿ ತಿನ್ನಬೇಡ ಎಂಬ ಗಾದೆ ಅಲ್ಲಿದೆ. ಶರತ್ಕಾಲದಲ್ಲಿ ಮತ್ತೆ ಮೇದು ಮೈಯಲ್ಲಿ ಗ್ಲೈಕೋಜನ್ ಎಂಬ ಪಿಷ್ಟವನ್ನು ತುಂಬಿಕೊಳ್ಳುತ್ತದೆ. ಚಳಿಗಾಲದ ಸಿಂಪಿ ಹಾಲು ಬಣ್ಣದ್ದಾಗಿ ಉಬ್ಬಿಕೊಂಡಿರುವುದು ಇದರಿಂದ. ಅದರ ಸಿಹಿಯೂ ಗ್ಲೈಕೋಜನ್‌ನಿಂದಲೇ ಎಂದು ಬರೆಯುವವರುಂಟು. ಆದರೆ ಗ್ಲೈಕೋಜನ್‌ಗೆ ಹೇಳಿಕೊಳ್ಳುವಂಥ ರುಚಿಯಿಲ್ಲ.

ಸಿಹಿ ಬರುವುದು ಬೇರೆ ಕಡೆಯಿಂದ, ಮತ್ತು ನನ್ನ ನಲ್ಲಿ ನೀರಿನ ಎಡವಟ್ಟಿಗೂ ಅದಕ್ಕೂ ನಂಟಿದೆ. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5ರಷ್ಟು ಉಪ್ಪು. ಉಪ್ಪಿರುವ ಕಡೆಗೆ ನೀರು ಹರಿಯುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಟ್ಟು ಮುದುಡುವುದನ್ನು ಉಪ್ಪಿನಕಾಯಿ ಹಾಕಿದವರೆಲ್ಲ ಕಂಡಿದ್ದಾರೆ. ಹಾಗಾದರೆ ಉಪ್ಪುಕಡಲಲ್ಲೇ ಕೂತ ಸಿಂಪಿ ಯಾಕೆ ಮುದುಡುವುದಿಲ್ಲ? ತನ್ನ ಜೀವಕೋಶಗಳ ಒಳಗೂ ಅಷ್ಟೇ ಗಾಢವಾದ ದ್ರಾವಣವನ್ನು ಅದು ಇಟ್ಟುಕೊಂಡಿರುತ್ತದೆ. ಆದರೆ ಕೋಶದೊಳಗೆ ಅಷ್ಟೂ ಉಪ್ಪನ್ನೇ ತುಂಬಿದರೆ ಪ್ರೋಟೀನುಗಳು ಕೆಲಸ ಮಾಡುವುದಿಲ್ಲ. ಹಾಗಾಗಿ ಉಪ್ಪಿನ ಬದಲಿಗೆ ಗ್ಲೈಸಿನ್, ಅಲನಿನ್, ಪ್ರೋಲಿನ್, ಟಾರಿನ್‌ನಂಥ ಅಮೈನೋ ಆಮ್ಲಗಳನ್ನು ಬಿಡಿಬಿಡಿಯಾಗಿ ತುಂಬಿಕೊಳ್ಳುತ್ತದೆ. ಇವುಗಳಲ್ಲಿ ಗ್ಲೈಸಿನ್, ಅಲನಿನ್ ನಾಲಿಗೆಗೆ ಸಿಹಿ. ಜೊತೆಗೆ ಗ್ಲುಟಮೇಟ್ ಕೂಡ ಇದೆ; 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡ ಕಡಲಕಳೆಯಿಂದ ಬೇರ್ಪಡಿಸಿ 'ಉಮಾಮಿ' ಎಂದು ಹೆಸರಿಟ್ಟ, ಮಾಂಸದ ಸಾರಿನಂಥ ತುಂಬು ರುಚಿಯ ಮೂಲ ಅದೇ. ಅಂದರೆ ಸಿಂಪಿಯ ರುಚಿ ಎಂಬುದು ಕಡಲಿನ ಉಪ್ಪಿಗೆ ಅದು ಕೊಟ್ಟುಕೊಂಡ ಜವಾಬು. ಉಪ್ಪಿಲ್ಲದ ನೀರಿಗೆ ಹಾಕಿದಿರೋ, ಲೆಕ್ಕ ತಿರುಗುಮುರುಗಾಗುತ್ತದೆ: ನೀರು ಒಳಗೆ ನುಗ್ಗಿ, ಕೋಶಗಳು ಊದಿಕೊಂಡು, ಒಳಗಿದ್ದ ರುಚಿ ಸೋರುತ್ತದೆ. ಅದಕ್ಕೇ ಕೊರಿಯನ್ನರು ಉಪ್ಪುನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯುತ್ತಾರೆ. ಲೀಟರಿಗೆ 30 ಗ್ರಾಂ ಉಪ್ಪು ಸಾಕು.

ಇನ್ನು ಬೇಯಿಸುವ ಮಾತು. ಇಲ್ಲಿ ಒಂದು ಪೇಚಿದೆ. ಸಿಂಪಿ ನೀರನ್ನು ಸೋಸಿ ಉಣ್ಣುವ ಜೀವಿ. ಊರಿನ ಕೊಳಚೆ ಕಡಲಿಗೆ ಸೇರಿದ್ದರೆ ಅದರಲ್ಲಿರುವ, ವಾಂತಿಭೇದಿ ತರುವ ನೋರೋವೈರಸ್ ಸಿಂಪಿಯ ಕರುಳಿನ ಭಾಗಕ್ಕೆ ಅಂಟಿ ಕೂರುತ್ತದೆ. ಶುದ್ಧ ನೀರಿನಲ್ಲಿ ಒಂದೆರಡು ದಿನ ಇಟ್ಟರೂ ಸುಲಭವಾಗಿ ಬಿಡುವುದಿಲ್ಲ. ಈ ವೈರಸ್ಸಿನ ಹಾವಳಿಯೂ ಚಳಿಗಾಲದಲ್ಲೇ ಹೆಚ್ಚು. ಸಿಂಪಿಗೆ ರುಚಿ ಬರುವ ಕಾಲವೂ ವಾಂತಿಭೇದಿಯ ಕಾಲವೂ ಒಂದೇ! 2012ರಲ್ಲಿ ಇದೇ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೊರಿಯಾದ ಚಿಪ್ಪುಜೀವಿಗಳನ್ನು ಮಾರಾಟದಿಂದ ಹಿಂತೆಗೆಯುವಂತೆ ಹೇಳಿತ್ತು. ಕೊರಿಯಾದ ಅಂಗಡಿಗಳಲ್ಲಿ 'ಹಸಿ ತಿನ್ನಲು' ಮತ್ತು 'ಬೇಯಿಸಲು' ಎಂದು ಬೇರೆಬೇರೆ ಚೀಟಿ ಹಚ್ಚಿದ ಪೊಟ್ಟಣಗಳು ಸಿಗುತ್ತವೆ. ವೈರಸ್ ಸಾಯಬೇಕಾದರೆ ಸಿಂಪಿಯ ಒಳಗಿನ ಶಾಖ 85ರಿಂದ 90 ಡಿಗ್ರಿ ಮುಟ್ಟಿ ಒಂದೂವರೆ ನಿಮಿಷ ನಿಲ್ಲಬೇಕು. ಆದರೆ ಮಾಂಸದ ಪ್ರೋಟೀನುಗಳು 70 ಡಿಗ್ರಿಯ ಸುಮಾರಿಗೇ ಬಿಗಿದುಕೊಂಡು, ಒದ್ದೆ ಬಟ್ಟೆ ಹಿಂಡಿದಂತೆ ನೀರನ್ನು ಹೊರಹಾಕಿಬಿಡುತ್ತವೆ. ಅನ್ನ ಇಂಗುವ ಕೊನೆಯಲ್ಲಿ ಹಸಿ ಸಿಂಪಿ ಹಾಕಿ ಮುಚ್ಚಳ ಮುಚ್ಚುವುದು ರೂಢಿ. ಮೆತ್ತಗೇನೋ ಇರುತ್ತದೆ, ಒಳಗೆ ಎಷ್ಟು ಬೆಂದಿದೆ ಎಂದು ಹೇಳುವವರಿಲ್ಲ.

ಹಿಂಡಿದ ನೀರು ಹೋಗಲಿ, ಆದರೆ ಹೋಗುವುದು ಎಲ್ಲಿಗೆ? ಎರಡು ಕಂತಿನ ಅಡುಗೆಯಲ್ಲಿ ಅದಕ್ಕೆ ಉತ್ತರವಿದೆ, ನನಗೆ ಇದೇ ಇಷ್ಟ. ಸ್ವಲ್ಪ ನೀರು ಕುದಿಸಿ ಸಿಂಪಿ ಹಾಕಿ. ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಬಿಟ್ಟು ಸಟ್ಟುಗದಿಂದ ತೆಗೆದಿಡಿ. ಉಳಿದ ಬೆಳ್ಳನೆಯ ನೀರೇ ಅನ್ನಕ್ಕೆ ಎಸರು. ಸಿಂಪಿ ಕಳೆದುಕೊಂಡದ್ದನ್ನು ಅಕ್ಕಿ ಕುಡಿಯುತ್ತದೆ. ಅನ್ನವಾದ ಮೇಲೆ ಸಿಂಪಿಯನ್ನು ಮೇಲೆ ಹರಡಿ ಐದು ನಿಮಿಷ ಮುಚ್ಚಿಟ್ಟರಾಯಿತು. ಸ್ವಲ್ಪ ಗಟ್ಟಿಯಾಗುತ್ತದೆ, ನಿಜ. ಆದರೆ ಇಪ್ಪತ್ತು ನಿಮಿಷ ಬೆಂದ ನನ್ನ ರಬ್ಬರಿಗೆ ಹೋಲಿಸಬೇಡಿ.

ಅಕ್ಕಿ ಗಿಡ್ಡಕಾಳಿನದೇ ಆಗಬೇಕು. ಅದರಲ್ಲಿ ಅಮೈಲೋಸ್ ಎಂಬ ನೀಳ ಪಿಷ್ಟ ಕಡಿಮೆ, ಆದ್ದರಿಂದ ಅಗುಳುಗಳು ಒಂದಕ್ಕೊಂದು ಅಂಟುತ್ತವೆ, ಚಾಪ್‌ಸ್ಟಿಕ್ ಕಡ್ಡಿಯಲ್ಲಿ ಎತ್ತಲು ಬರುತ್ತದೆ. ಸೋನಾ ಮಸೂರಿಯಲ್ಲಿ ಮಾಡಿದರೆ ಅನ್ನ ಉದುರುದುರು. ಅರ್ಧ ಗಂಟೆ ನೆನೆಸಿದ ಅಕ್ಕಿಗೆ ಸಮ ಅಳತೆಯ ಎಸರು ಸಾಕಾಗುತ್ತದೆ, ಅದರಲ್ಲೂ ಒಂದು ಹಿಡಿ ಕಡಿಮೆ ಮಾಡಿ. ಯಾಕೆಂದರೆ ತಳಕ್ಕೆ ಮೂಲಂಗಿಯ ಕಡ್ಡಿ ಹೋಳು ಹಾಕುವ ಪದ್ಧತಿಯಿದೆ, ಮೂಲಂಗಿಯಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ. ಅದರ ಘಾಟು ಹುಟ್ಟುವುದು ಹೋಳು ಮಾಡಿದಾಗ ಬಿಡುಗಡೆಯಾಗುವ ಕಿಣ್ವದಿಂದ. ಶಾಖಕ್ಕೆ ಕಿಣ್ವ ಸತ್ತು ಸಿಹಿ ಮಾತ್ರ ಉಳಿಯುತ್ತದೆ. ಬಡಿಸುವಾಗ ಸೋಯಾ ಸಾಸ್, ಎಳ್ಳೆಣ್ಣೆ, ಮೆಣಸಿನ ಪುಡಿ, ಹೆಚ್ಚಿದ ಈರುಳ್ಳಿಸೊಪ್ಪು ಕಲಸಿದ ಗೊಜ್ಜು. ಇದನ್ನು ಜಾಸ್ತಿ ಸುರಿದರೆ ಇಷ್ಟೆಲ್ಲ ಪಾಡುಪಟ್ಟದ್ದು ದಂಡ.

ಹೋಟೆಲುಗಳಲ್ಲಿ ಇದನ್ನು ಡೋಲ್‌ಸೊಟ್ ಎಂಬ ಕಲ್ಲಿನ ಗಡಿಗೆಯಲ್ಲಿ ತಂದಿಡುತ್ತಾರೆ. ನಮ್ಮ ಅಜ್ಜಿಯರ ಕಲ್ಲು ಮರಿಗೆಯ ದೂರದ ನೆಂಟ. ಕಲ್ಲು ನಿಧಾನವಾಗಿ ಕಾಯುತ್ತದೆ. ಒಂದು ಕಿಲೋ ಕಬ್ಬಿಣವನ್ನು ಕಾಯಿಸಲು ಬೇಕಾದ್ದರ ಸುಮಾರು ಎರಡು ಪಾಲು ಶಾಖ ಒಂದು ಕಿಲೋ ಕಲ್ಲಿಗೆ ಬೇಕು. ಹೀಗೆ ಕಾದದ್ದು ಬೇಗ ಆರುವುದೂ ಇಲ್ಲ. ನೀರಿರುವವರೆಗೆ ತಳದ ಅನ್ನ 100 ಡಿಗ್ರಿ ದಾಟದು. ನೀರು ಇಂಗಿದ್ದೇ ತಡ ಶಾಖ 140ರ ಆಚೆ ಏರಿ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದುಬಣ್ಣ, ಹುರಿದ ಘಮ ಹುಟ್ಟುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಬರೀ ಅನ್ನದಲ್ಲಿ ಬಿಡಿ ಅಮೈನೋ ಆಮ್ಲಗಳು ಕಡಿಮೆ. ಸಿಂಪಿಯ ಎಸರು ಕುಡಿದ ಅನ್ನದಲ್ಲಿ ಅವಕ್ಕೆ ಬರವಿಲ್ಲ.

ನಮ್ಮಲ್ಲಿ ಅನ್ನ ತಳ ಹಿಡಿದರೆ ಬೈಗುಳ. ಅಲ್ಲಿ ಅದಕ್ಕೆ ನುರುಂಗ್‌ಜಿ ಎಂಬ ಹೆಸರಿದೆ, ಪಾಲಿಗೆ ಜಗಳವೂ ಇದೆ. ಅನ್ನವನ್ನು ಬಟ್ಟಲಿಗೆ ಬಳಿದುಕೊಂಡು, ತಳದಲ್ಲಿ ಕಚ್ಚಿಕೊಂಡದ್ದಕ್ಕೆ ಬಿಸಿನೀರು ಸುರಿದು ಮುಚ್ಚಿಡುತ್ತಾರೆ. ಊಟ ಮುಗಿಯುವ ಹೊತ್ತಿಗೆ ಅದು ಬಿಟ್ಟುಕೊಂಡು, ಸುಂಗ್‌ನ್ಯುಂಗ್ ಎಂಬ ತೆಳ್ಳನೆಯ, ಹೊಗೆಯಾಡುವ ಗಂಜಿಯಾಗಿ ಕಾದಿರುತ್ತದೆ.