ಗಡಿಯಾರವನ್ನೂ ಬಿಟ್ಟ ಕಾರು

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನಕ್ಕೆ ಬಂದ ಪೋರ್ಷ 911 ಕರೇರಾ ಆರ್‌ಎಸ್ 2.7 ಕಾರಿನೊಳಗೆ ಇದ್ದದ್ದಕ್ಕಿಂತ ಇಲ್ಲದ್ದೇ ಸುದ್ದಿಯಾಗಬೇಕಿತ್ತು. ಹಿಂದಿನ ಸೀಟಿಲ್ಲ, ನೆಲಹಾಸಿಲ್ಲ, ಕೋಟು ತೂಗುಹಾಕುವ ಕೊಕ್ಕೆಯಿಲ್ಲ, ಗಡಿಯಾರವೂ ಇಲ್ಲ. ಹೊದಿಕೆಯ ಉಕ್ಕಿನ ತಗಡು ತೆಳು, ಗಾಜೂ ತೆಳು. ಒಂದು ಗಡಿಯಾರ ಬಿಟ್ಟರೆ ಎಷ್ಟು ಉಳಿದೀತು ಅನ್ನಿಸುತ್ತದೆ. ಆದರೆ ಹೀಗೆ ಚೂರು ಚೂರು ಕಳೆದೇ ಅದರ ಸ್ಪೋರ್ಟ್ ಆವೃತ್ತಿ 960 ಕೆ.ಜಿ.ಗೆ ಇಳಿಯಿತು. ಅದೇ ಎಂಜಿನ್ ಹೊತ್ತ, ಒಳಗೆ ಎಲ್ಲ ಅನುಕೂಲಗಳಿದ್ದ ಟೂರಿಂಗ್ ಆವೃತ್ತಿಯ ತೂಕ 1,075 ಕೆ.ಜಿ.

ಈ 115 ಕೆ.ಜಿ.ಯ ಬೆಲೆ ಎಷ್ಟು? ಎಂಜಿನ್ನಿನ ಶಕ್ತಿ 210 ಅಶ್ವಶಕ್ತಿ. ಸ್ಪೋರ್ಟ್‌ನಲ್ಲಿ ಒಂದೊಂದು ಅಶ್ವಶಕ್ತಿಯೂ ಸುಮಾರು 4.6 ಕೆ.ಜಿ. ಎಳೆದರೆ ಸಾಕು, ಟೂರಿಂಗ್‌ನಲ್ಲಿ 5.1 ಕೆ.ಜಿ. ಎಳೆಯಬೇಕು. ಟೂರಿಂಗ್ ಕೂಡ ಅಷ್ಟೇ ಚುರುಕಾಗಬೇಕಿದ್ದರೆ ಎಂಜಿನ್ನಿಗೆ ಇನ್ನೂ 25 ಅಶ್ವಶಕ್ತಿ ಸೇರಿಸಬೇಕಿತ್ತು. ಆದರೆ ಸೇರಿಸಿದ ಶಕ್ತಿಯಿಂದ ಬ್ರೇಕಿಗೆ ಏನೂ ಸಿಗುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲುವಾಗ ಆ 115 ಕೆ.ಜಿ.ಯೊಂದೇ ಸುಮಾರು 44 ಕಿಲೋಜೂಲ್ ಶಾಖವಾಗಿ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿ ಇಳಿಯುವಾಗ ತಿರುವು ತಿರುವಿಗೂ ಈ ಶಾಖ ಕೂಡುತ್ತಾ ಹೋಗುತ್ತದೆ.

ತಿರುವಿನಲ್ಲಿ ಇನ್ನೊಂದು ಲಾಭವಿದೆ, ನನಗೆ ತುಂಬ ಇಷ್ಟವಾದದ್ದು ಇದೇ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆಯೇ. ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಒತ್ತಡ ಮಾತ್ರ ತೂಕದಷ್ಟೇ ಬೆಳೆಯುತ್ತದೆ. ಹಾಗಾಗಿ ಅದೇ ಟೈರು ಹಾಕಿದ ಹಗುರ ಕಾರು ಅದೇ ತಿರುವನ್ನು ಹೆಚ್ಚು ವೇಗದಲ್ಲಿ ದಾಟಬಲ್ಲದು.

ಎಷ್ಟು ತೂಕ ಅನ್ನುವಷ್ಟೇ ಎಲ್ಲಿಯ ತೂಕ ಅನ್ನುವುದೂ ಮುಖ್ಯ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವರು ನಿಂತಲ್ಲೇ ಸಲೀಸಾಗಿ ತಿರುಗುತ್ತಾರೆ. ಅದನ್ನೇ ಚಾಚಿದ ಕೈಯಲ್ಲಿ ಹಿಡಿದು ತಿರುಗಿ ನೋಡಿ, ಕೊಡವೇ ನಿಮ್ಮನ್ನು ಎಳೆಯುತ್ತದೆ. ಕಾರಿನ ಮೂಗಿನಲ್ಲೋ ಬಾಲದಲ್ಲೋ ಕುಳಿತ ಭಾರ ಚಾಚಿದ ಕೈಯ ಕೊಡದಂತೆ, ದಿಕ್ಕು ಬದಲಿಸಲು ಬಿಡದು, ಬದಲಿಸಿದ ಮೇಲೆ ನಿಲ್ಲಲೂ ಬಿಡದು. ಚಾವಣಿಯಿಂದ ಕಳೆದ ಒಂದು ಕೆ.ಜಿ. ಕಾರಿನ ಓಲಾಟವನ್ನೂ ತಗ್ಗಿಸುತ್ತದೆ, ನೆಲದ ಬಳಿ ಕಳೆದದ್ದು ಅಷ್ಟು ಮಾಡದು.

ಚಕ್ರದ ವಿಷಯದಲ್ಲಿ ಕಾರುಪ್ರಿಯರು ಒಂದು ಮಾತು ಹೇಳುತ್ತಾರೆ, ಅಲ್ಲಿನ ಒಂದು ಕೆ.ಜಿ. ಬೇರೆಡೆಯ ನಾಲ್ಕು, ಹತ್ತು ಕೆ.ಜಿ.ಗೆ ಸಮ ಎಂದು. ವೇಗ ಹೆಚ್ಚಿಸುವ ಲೆಕ್ಕದಲ್ಲಿ ಅದು ನಿಜವಲ್ಲ. ಚಕ್ರ ಮುಂದಕ್ಕೂ ಸಾಗಬೇಕು, ತಿರುಗಲೂ ಬೇಕು. ಎತ್ತಿನ ಗಾಡಿಯ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿಯ ಹಾಗೆ ತೂಕವೆಲ್ಲ ನೆಲ ತಾಗುವ ಅಂಚಿನಲ್ಲೇ ಇದ್ದರೂ ಒಂದು ಕೆ.ಜಿ. ಎರಡರಷ್ಟಾದೀತು, ಹೆಚ್ಚಿಲ್ಲ. ಟೈರಿನ ಒಳಗೆ ಕುಳಿತ ರಿಮ್ಮಿನದು ಇನ್ನೂ ಕಡಿಮೆ. ಹಗುರ ಚಕ್ರದ ನಿಜವಾದ ಉಪಕಾರ ಕಾಣುವುದು ಒರಟು ರಸ್ತೆಯಲ್ಲಿ. ಉಬ್ಬು ದಾಟಿದ ಕೂಡಲೇ ಸ್ಪ್ರಿಂಗು ಚಕ್ರವನ್ನು ಮತ್ತೆ ನೆಲಕ್ಕೆ ಒತ್ತಬೇಕು. ಭಾರದ ಚಕ್ರ ಒಂದು ಕ್ಷಣ ಹಾರಿಯೇ ಇರುತ್ತದೆ, ಆ ಕ್ಷಣದಲ್ಲಿ ಹಿಡಿತ ಇಲ್ಲವೇ ಇಲ್ಲ. ಆರ್‌ಎಸ್‌ಗೆ ಬಡಿದು ರೂಪಿಸಿದ ಹಗುರ ಅಲ್ಯುಮಿನಿಯಂ ಚಕ್ರಗಳಿದ್ದದ್ದು ನೋಟಕ್ಕಷ್ಟೇ ಅಲ್ಲ.

ದಿನವೂ ರಸ್ತೆಗಿಳಿಯುವ ಕಾರಿನಲ್ಲಿ ತೂಕ ಕಳೆಯುವವರು ಬ್ಯಾಟರಿ, ಸೀಟು, ಚಕ್ರಗಳಿಂದ ಶುರುಮಾಡುವುದು ಸರಿಯಾದ ದಾರಿ. ಹದಿನೈದಿಪ್ಪತ್ತು ಕೆ.ಜಿ.ಯ ಸೀಸದ ಬ್ಯಾಟರಿಯ ಜಾಗದಲ್ಲಿ ಅದರ ಅರ್ಧಕ್ಕಿಂತ ಹಗುರವಾದ ಲಿಥಿಯಂ ಬ್ಯಾಟರಿ ಕೂರುತ್ತದೆ. ಬಾಗಿಲೊಳಗಿನ ಉಕ್ಕಿನ ಅಡ್ಡಪಟ್ಟಿ, ಏರ್‌ಬ್ಯಾಗು, ಬಂಪರಿನ ಹಿಂದಿನ ತೊಲೆ ಇವಕ್ಕೆ ಕೈ ಹಾಕಬೇಡಿ. ಅವು ಬೇಕಾಗುವುದು ಒಂದೇ ಒಂದು ಸಲ, ಆದರೆ ಆ ಸಲ ಅವಕ್ಕೆ ಬದಲಿ ಇಲ್ಲ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರ ಮೂಲ ವಿವರಕ್ಕಿಂತ ವಾಹನವನ್ನು ಬೇರೆಯಾಗಿಸುವುದನ್ನು ತಡೆಯುತ್ತದೆ.

ಉಳಿದದ್ದೆಲ್ಲ ಸಹನೆಯ ಪ್ರಶ್ನೆ. ಸದ್ದು ತಡೆವ ಹೊದಿಕೆ ತೆಗೆದರೆ ಎಂಜಿನ್ನು, ಕಲ್ಲು, ಮಳೆ ಎಲ್ಲವೂ ಒಳಗೇ ಕೇಳಿಸುತ್ತದೆ. ಕಾರನ್ನು ಪಂದ್ಯಕ್ಕಿಳಿಸಲು ನಿಯಮದ ಪ್ರಕಾರ ಪೋರ್ಷ 500 ಆರ್‌ಎಸ್ ಕಟ್ಟಿದ್ದರೆ ಸಾಕಿತ್ತು, ಬೇಡಿಕೆ ಬಂದು ಒಟ್ಟು 1,580 ತಯಾರಾದವು. ಅವುಗಳಲ್ಲಿ ಹಗುರವಾದ ಸ್ಪೋರ್ಟ್ 200 ಮಾತ್ರ. 1,308 ಕಾರುಗಳು ಟೂರಿಂಗ್ ಆಗಿಯೇ ಹೊರಬಂದವು, ಮೂಲ ಬೆಲೆಯ ಮೇಲೆ 2,500 ಜರ್ಮನ್ ಮಾರ್ಕ್ ಕೊಟ್ಟು ಬಿಟ್ಟ ತೂಕವನ್ನೆಲ್ಲ ಮರಳಿ ಹಾಕಿಸಿಕೊಂಡವರಿಗಾಗಿ.