ತುಕ್ಕು ಹತ್ತದ ಕಾಫಿಗೆ ತುಕ್ಕು ಹತ್ತಿದ್ದು ಯಾಕೆ?

ಪ್ರಶ್ನೆ: ತುಕ್ಕು ರೋಗ ಬರಲ್ಲ ಅಂತ ನೆಟ್ಟ ಅರೇಬಿಕಾ ತಳಿಗೆ ಈಗ ರೋಗ ಬಂದಿದೆ. ತಳಿಯ ಕಸುವು ಹೋಯ್ತಾ?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಉತ್ತರ ಹಳೆಯದೇ: ಇಲ್ಲ. ಬದಲಾಗಿದ್ದು ಗಿಡವಲ್ಲ, ತುಕ್ಕು ಎಂಬ ಶಿಲೀಂಧ್ರ.

ಕೊಪ್ಪದಿಂದ ಮೂಡಿಗೆರೆವರೆಗೆ ಯಾರ ಜಗಲಿಯಲ್ಲಿ ಕೂತರೂ ಒಂದೇ ಮಾತು, ‘ತಳಿಗೆ ವಯಸ್ಸಾಯ್ತು’. ಗೊಬ್ಬರ, ನೆರಳು ಹೆಚ್ಚುಕಮ್ಮಿಯಾದರೆ ರೋಗ ಜೋರಾಗಬಹುದು, ಒಪ್ಪೋಣ. ಆದರೆ ತಳಿಗೆ ವಯಸ್ಸಾಗೋದು ಅಂದ್ರೇನು? ಅರೇಬಿಕಾ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಬೀಜದ ಗಿಡ ಬಹುಪಾಲು ತಾಯಿಯ ಹಾಗೆಯೇ ಇರುತ್ತದೆ.

ಕೆಂಟ್ ತಳಿಯ ಕಥೆ ನೋಡಿ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟದಲ್ಲಿ ಸಿಕ್ಕ ತಳಿ ಇದು. ತುಕ್ಕು ತಡೆಯುತ್ತದೆ ಅಂತ ಬೆಳೆಗಾರರು ಮುಗಿಬಿದ್ದು ಹಾಕಿದರು. ಆಮೇಲೆ ಅದಕ್ಕೂ ಹತ್ತಿತು. 1930ರ ದಶಕದಲ್ಲಿ ಮೇನ್ ಎಂಬ ವಿಜ್ಞಾನಿ ಬಾಳೆಹೊನ್ನೂರಿನಲ್ಲಿ ಗಿಡವನ್ನು ಬಿಟ್ಟು ತುಕ್ಕನ್ನೇ ಪರೀಕ್ಷಿಸಿದರು. ತುಕ್ಕಿನಲ್ಲೇ ಪಂಗಡಗಳಿವೆ ಅಂತ ಗೊತ್ತಾಯಿತು. ಒಂದು ಪಂಗಡಕ್ಕೆ ಕೆಂಟ್ ಎಲೆ ದಕ್ಕುವುದಿಲ್ಲ. ಇನ್ನೊಂದಕ್ಕೆ ಅದೇ ಎಲೆ ಹಬ್ಬದೂಟ. ಇನ್ನೇನು ಪುರಾವೆ ಬೇಕು ಹೇಳಿ?

ಎಲೆ ಮಗುಚಿದರೆ ಕಿತ್ತಳೆ ಪುಡಿ ಬೆರಳಿಗೆ ಹತ್ತುತ್ತದಲ್ವಾ, ಅದೆಲ್ಲ ತುಕ್ಕಿನ ಬೀಜಕಣ. ಒಂದೇ ಮಚ್ಚೆಯಲ್ಲಿ ಸಾವಿರಾರು. ಕಣ ಮೊಳೆತು ಎಲೆಯ ಉಸಿರುರಂಧ್ರದಿಂದ ಒಳಗೆ ನುಗ್ಗುತ್ತದೆ. ಗಿಡಕ್ಕೆ ಅದರ ಗುರುತು ಸಿಕ್ಕರೆ ಅಲ್ಲಿನ ಜೀವಕೋಶಗಳನ್ನು ತಾನೇ ಸಾಯಿಸಿಕೊಂಡು ದಾರಿ ಮುಚ್ಚುತ್ತದೆ. ಇಷ್ಟು ಕಣಗಳಲ್ಲಿ ಗುರುತು ಸಿಗದ ಹಾಗೆ ಬದಲಾದದ್ದು ಒಂದು ಹುಟ್ಟಿದರೂ ಸಾಕು. ಗುಡ್ಡಪೂರ್ತಿ ಒಂದೇ ತಳಿಯಿದ್ದರೆ ಅದನ್ನು ತಡೆಯುವವರಿಲ್ಲ. ನಾವು ತುಕ್ಕು ತಡೆಯುವ ಹೊಸ ಜೀನ್ ತರುತ್ತೇವೆ, ತುಕ್ಕು ಮತ್ತೆ ಬದಲಾಗುತ್ತದೆ. ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯ ಜೀನ್ ಇರುವ ಎಸ್. 795 ಅರೇಬಿಕಾ ತಳಿ ಹುಟ್ಟಿದ್ದು ಹೀಗೆಯೇ. ಅದಕ್ಕೂ ಈಗ ತುಕ್ಕು ಹತ್ತುತ್ತದೆ.

ಹಾಗಾದರೆ ಔಷಧಿ ಹೊಡೆಯುವವರಿಲ್ಲದ ಕಾಡಿನಲ್ಲಿ ಕಾಫಿ ಉಳಿದದ್ದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಅರೇಬಿಕಾದ ತವರು ಇಥಿಯೋಪಿಯಾದ ಕಾಡು. ಅಲ್ಲೂ ತುಕ್ಕಿದೆ. ಆದರೆ ಗಿಡಗಳಲ್ಲಿ ವೈವಿಧ್ಯ ಜಾಸ್ತಿ. ಒಂದು ಗಿಡವನ್ನು ಗೆದ್ದ ತುಕ್ಕಿಗೆ ಪಕ್ಕದ್ದು ಸುಲಭವಾಗಿ ದಕ್ಕುವುದಿಲ್ಲ. ನಡುವೆ ಬೇರೆ ಜಾತಿಯ ಮರಗಳೂ ಇರುತ್ತವೆ.

ನಿಮ್ಮ ಗಿಡ ಕಿತ್ತು ಹಾಕಬೇಡಿ. ಮುಂಗಾರಿಗೆ ಮೊದಲು 0.5% ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಹೊಡೆಯಿರಿ. ಎಲೆಯ ಅಡಿಭಾಗಕ್ಕೆ ತಾಗಬೇಕು. ಸುಮ್ನೆ ಮೇಲಿಂದ ಎರಚಿ ‘ಔಷಧಿಯೂ ಡೂಪ್ಲಿಕೇಟ್’ ಅಂತ ಬರೀಬೇಡಿ.