ಲಾ ನಿನಾ ಹೋದಂತೆ ಮಾಡಿ ಮತ್ತೆ ಬರುವುದೇಕೆ?

"ಸಾರ್, ಲಾ ನಿನಾ ಮುಗೀತು ಅಂದ್ರಲ್ಲ, ಮತ್ತೆ ಬಂದೈತಂತೆ?" ಮಂಡ್ಯದ ರೈತರಿಗೆ ಹವಾಮಾನ ಸಲಹೆ ಕೊಡುವ ನನಗೆ 2020ರಿಂದ 2023ರವರೆಗೆ ಇದೇ ಪ್ರಶ್ನೆ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆಗ ಸತತ ಮೂರು ಚಳಿಗಾಲ ಲಾ ನಿನಾ ಇತ್ತು.

ಪೆಸಿಫಿಕ್ ಸಾಗರದಲ್ಲಿ ಸಮಭಾಜಕದ ಉದ್ದಕ್ಕೂ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅದು ಜೋರಾದರೆ ಮೇಲಿನ ಬಿಸಿನೀರು ಇಂಡೋನೇಷ್ಯಾ ಕಡೆಗೆ ಸರಿಯುತ್ತದೆ. ಪೆರು ಕಡೆ ಆಳದ ತಣ್ಣೀರು ಮೇಲೇಳುತ್ತದೆ. ಅಲ್ಲಿ ನೀರು ತಣ್ಣಗಾದಷ್ಟೂ ಗಾಳಿ ಇನ್ನೂ ಬಲವಾಗುತ್ತದೆ. ಗಾಳಿ ಬಲವಾದಷ್ಟೂ ನೀರು ತಣ್ಣಗಾಗುತ್ತದೆ. ಇದೇ ಲಾ ನಿನಾ.

ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ಹೊತ್ತಿಗೆ ಇದರ ಜೋರು ಜಾಸ್ತಿ. ಮಾರ್ಚ್ ಬಂದರೆ ಸಡಿಲ. ಮೇಲಿನ ನೀರು ಮಾಮೂಲಿಗೆ ಬಂತು ಅಂದಾಕ್ಷಣ 'ಲಾ ನಿನಾ ಅಂತ್ಯ' ಅಂತ ಸುದ್ದಿ. ಆದರೆ ನೋಡಬೇಕಾದ್ದು ಮೇಲ್ಮೈಯನ್ನಷ್ಟೇ ಅಲ್ಲ, ಸುಮಾರು 300 ಮೀಟರ್ ಆಳದವರೆಗೆ ಎಷ್ಟು ಬಿಸಿ ಉಳಿದಿದೆ ಅನ್ನುವುದನ್ನು. ಇದರ ಉಲ್ಟಾ, ಅಂದರೆ ಪೆರು ಕಡೆ ನೀರು ಬಿಸಿಯಾಗುವುದು, ಎಲ್ ನಿನೋ. ದೊಡ್ಡ ಎಲ್ ನಿನೋ ಬಂದಾಗ ಸಮಭಾಜಕದ ಆ ಬಿಸಿ ಉತ್ತರಕ್ಕೂ ದಕ್ಷಿಣಕ್ಕೂ ಹರಿದು ಖಾಲಿಯಾಗುತ್ತದೆ. ತಳ ಕಂಡ ಕನ್ನಂಬಾಡಿ ಕಟ್ಟೆ ಒಂದು ಹದ ಮಳೆಗೆ ತುಂಬು ಮಟ್ಟವಾದ 124.80 ಅಡಿ ಮುಟ್ಟುತ್ತದೆಯೇ? ಸಾಗರಕ್ಕೂ ಮತ್ತೆ ಬಿಸಿ ತುಂಬಿಕೊಳ್ಳಲು ಒಂದು ವರ್ಷ ಸಾಲದೇ ಹೋಗಬಹುದು. ಅಷ್ಟರೊಳಗೆ ಗಾಳಿ ಮತ್ತೆ ಎದ್ದರೆ ತಣ್ಣೀರೂ ಮತ್ತೆ ಮೇಲೆ ಬರುತ್ತದೆ. 1972-73ರ ಎಲ್ ನಿನೋ ಆದ ಮೇಲೆ 1973ರಿಂದ 76, 1997-98ರದು ಆದ ಮೇಲೆ 1998ರಿಂದ 2001, ಎರಡು ಸಲವೂ ಹೀಗೇ ಆಯಿತು.

2020ರದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಎಲ್ ನಿನೋ ಇರಲಿಲ್ಲ. ಹಿಂದೂ ಮಹಾಸಾಗರ, ಅಟ್ಲಾಂಟಿಕ್ ಹೆಚ್ಚು ಬಿಸಿಯಾದಾಗಲೂ ಪೆಸಿಫಿಕ್ಕಿನ ಗಾಳಿಗೆ ಬಲ ಸಿಗುತ್ತದೆ. ಹಾಗಾಗಿ ಒಂದೇ ಕಾರಣ ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

'ಲಾ ನಿನಾ ಬಂದರೆ ಕಟ್ಟೆ ತುಂಬುತ್ತದೆ' ಅನ್ನುವ ನಂಬಿಕೆಯೂ ನಮ್ಮಲ್ಲಿದೆ. 2022ರಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ನಿಜ. ಆದರೆ 2016ರ ಮುಂಗಾರಿನ ಕೊನೆಗೂ ದುರ್ಬಲ ಲಾ ನಿನಾ ಇತ್ತು. ಆ ವರ್ಷ ಕೊಡಗಿನಲ್ಲಿ ಮಳೆ ಕೈಕೊಟ್ಟು ಕಾವೇರಿ ಗಲಾಟೆ ಬೀದಿಗೆ ಬಂದದ್ದು ಯಾರಿಗೆ ನೆನಪಿಲ್ಲ?

ಮಾರ್ಚ್‌ನಿಂದ ಮೇವರೆಗೆ ಹೇಳುವ ಪೆಸಿಫಿಕ್ ಮುನ್ಸೂಚನೆ ಬೇರೆ ತಿಂಗಳುಗಳದ್ದಕ್ಕಿಂತ ಹೆಚ್ಚು ಸಲ ಕೈಕೊಡುತ್ತದೆ. ಅದನ್ನು ಓದಿ ಸುಮ್ನೆ ದೀರ್ಘಾವಧಿ ಭತ್ತದ ಬೀಜ ತರಬೇಡಿ. ಜೂನ್ ಕಳೆಯಲಿ, ಕಟ್ಟೆಯ ಒಳಹರಿವು ನೋಡಿ. ನಾಲೆಗೆ ನೀರು ಬಿಡುವುದು ತಡವಾಗುವಂತಿದ್ದರೆ ಅಲ್ಪಾವಧಿ ತಳಿಗೆ ಇಳಿಯಿರಿ, ಇಲ್ಲವೇ ರಾಗಿ ಹಾಕಿ.